ಶಾಸನ ಉಳಿಯಿತು, ಪಕ್ಷ ಉಳಿಯಲಿಲ್ಲ: ದೇವರಾಜ ಅರಸು ರಾಜಕಾರಣದ ಮರುಪರಿಶೀಲನೆ

1978ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ದೇವರಾಜ ಅರಸು ನೇತೃತ್ವದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನ ಗೆದ್ದಿತು. 1980ರ ಜನವರಿಯ ಹೊತ್ತಿಗೆ ಅರಸು ಇಂದಿರಾ ಗಾಂಧಿಯವರಿಂದ ಬೇರ್ಪಟ್ಟಿದ್ದರು. ಆಗ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಪಕ್ಷದ ಪಾಲಾದವು. ಅರಸು ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಈ ಕುಸಿತಕ್ಕೆ ನಾಯಕರಿಬ್ಬರ ವೈಮನಸ್ಯವನ್ನಷ್ಟೇ ಕಾರಣವೆನ್ನುವುದು ವಾಡಿಕೆ. ಅರಸು ಸುಧಾರಣೆಗಳ ಸ್ವರೂಪದಲ್ಲೂ ಅದರ ಮೂಲವಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು (1915–1982) 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಪ್ರವೇಶಿಸಿದರು. ಏಕೀಕರಣದಿಂದ 1971ರವರೆಗೆ ಮುಖ್ಯಮಂತ್ರಿಗಳಾದವರೆಲ್ಲ ಲಿಂಗಾಯತರು. ಅರಸು ಅವರದು ಸಂಖ್ಯಾಬಲವಿಲ್ಲದ ಸಮುದಾಯ. 1972ರಲ್ಲಿ ಮುಖ್ಯಮಂತ್ರಿಯಾದಾಗ ಅವರಿಗೆ ಸ್ವಜಾತಿಯ ಆಸರೆಯಿರಲಿಲ್ಲ. ಹಿಂದುಳಿದವರು, ದಲಿತರು, ಅಲ್ಪಸಂಖ್ಯಾತರನ್ನು ಒಗ್ಗೂಡಿಸುವುದು ಆದರ್ಶವೂ ಹೌದು, ಅನಿವಾರ್ಯವೂ ಹೌದು.

ಅದಕ್ಕೆ ಅವರು ಬಳಸಿದ್ದು ಶಾಸನವನ್ನು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು; ತೀರ್ಮಾನ ಭೂ ನ್ಯಾಯಮಂಡಳಿಯದು. ಅಲ್ಲಿ ಅಧಿಕಾರಿಯ ಜೊತೆಗೆ ಅಧಿಕಾರೇತರ ಸದಸ್ಯರಿದ್ದರು, ವಕೀಲರಿಗೆ ಪ್ರವೇಶವಿರಲಿಲ್ಲ. ಸಿವಿಲ್ ನ್ಯಾಯಾಲಯದ ವಿಳಂಬವನ್ನು ಭೂಮಾಲೀಕರು ಗುರಾಣಿಯಾಗಿಸಿಕೊಳ್ಳುವ ದಾರಿ ಇದರಿಂದ ಬಹುಮಟ್ಟಿಗೆ ಮುಚ್ಚಿತು. ಚಾಲಗೇಣಿ (ಮಾಲೀಕನ ಇಚ್ಛೆಯಂತೆ ಬಿಡಿಸಬಹುದಾದ ಗೇಣಿ) ವ್ಯಾಪಕವಾಗಿದ್ದ ಕರಾವಳಿಯಲ್ಲಿ ಪರಿಣಾಮ ಗಾಢವಾಗಿತ್ತು. ಗೇಣಿಯ ಹಕ್ಕೇ ಇಲ್ಲದ ಕೃಷಿ ಕೂಲಿಕಾರರಿಗೆ ದೊರೆತದ್ದು ಅತ್ಯಲ್ಪ. ಎರಡನೆಯ ಸುಧಾರಣೆ ಹಿಂದುಳಿದ ವರ್ಗಗಳ ಮೀಸಲಾತಿ; ಅದಕ್ಕೆ ತಳಹದಿಯಾದ 1975ರ ಹಾವನೂರು ಆಯೋಗದ ವರದಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಿತು.

ಎರಡೂ ಸುಧಾರಣೆಗಳು ಫಲಾನುಭವಿಯನ್ನು ನೇರವಾಗಿ ಸರ್ಕಾರದೊಂದಿಗೆ ಬೆಸೆದವು. ನಡುವೆ ಅರಸು ಅವರದೇ ಎನ್ನಬಹುದಾದ ರೈತಸಂಘವಾಗಲಿ, ಕಾರ್ಯಕರ್ತರ ಪಡೆಯಾಗಲಿ ರೂಪುಗೊಳ್ಳಲಿಲ್ಲ. ಹೀಗಾಗಿ ಸುಧಾರಣೆಯ ಕೀರ್ತಿಯಲ್ಲಿ ಇಂದಿರಾ ಗಾಂಧಿಯವರಿಗೂ ಪಾಲಿತ್ತು. 1979ರಲ್ಲಿ ಪಕ್ಷದಿಂದ ಉಚ್ಚಾಟಿತರಾದ ಅರಸು ಅವರಿಗೆ ಆ ಪಾಲನ್ನು ಬಿಡಿಸಿಕೊಳ್ಳಲಾಗಲಿಲ್ಲವೆಂದು ಫಲಿತಾಂಶದಿಂದ ಊಹಿಸಬಹುದು.

ಆದರೆ ಚುನಾವಣಾ ಸೋಲನ್ನೇ ಅಂತಿಮ ಅಳತೆಗೋಲಾಗಿಸಿಕೊಂಡರೆ ವಿಶ್ಲೇಷಣೆ ಅಪೂರ್ಣ. 1983ರಲ್ಲಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರ ಮೀಸಲಾತಿಯನ್ನು ಕೈಬಿಡಲಿಲ್ಲ, ವೆಂಕಟಸ್ವಾಮಿ ಆಯೋಗ ನೇಮಿಸಿತು. ಅನಂತರ ಚಿನ್ನಪ್ಪ ರೆಡ್ಡಿ ಆಯೋಗ ಬಂತು. ವಿವಾದ ಯಾವ ಜಾತಿ ಪಟ್ಟಿಯಲ್ಲಿರಬೇಕು ಎಂಬುದಕ್ಕೆ ಸೀಮಿತವಾಯಿತು; ಪಟ್ಟಿ ಬೇಕೇ ಎಂಬ ಪ್ರಶ್ನೆ ಹಿಂದೆ ಸರಿಯಿತು. ಅರಸು ವಿರೋಧಿಗಳೂ ಅರಸು ಹಾಕಿಕೊಟ್ಟ ಚೌಕಟ್ಟಿನೊಳಗೇ ವಾದಿಸಬೇಕಾಯಿತು.