ಉತ್ತವರ ಚಿತ್ರ, ಮಾಡಿಸಿದವನ ಹೆಸರು

ಈ ಸಲ ಬೆಳೆ, ಗೊಬ್ಬರ, ಮಾರ್ಕೆಟ್ ರೇಟು ಯಾವುದೂ ಇಲ್ಲ. ಏಳುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ನೈಟ್, ಅಂದ್ರೆ ರಾಜ ಕರೆದಾಗ ಕುದುರೆ ಏರಿ ಯುದ್ಧಕ್ಕೆ ಹೋಗೋ ಜಮೀನ್ದಾರ, ಅವನ ಮನೆತನದ ಮತ್ತು ಜಮೀನಿನ ವಿಷಯ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ಒಕ್ಕಲುತನ ಮಾಡೋರಿಗೆ ಇದರಲ್ಲಿ ನೋಡೋದು ಬಹಳ ಇದೆ.

ಅವನ ಹೆಸರು ಸರ್ ಜೆಫ್ರಿ ಲಟ್ರೆಲ್. ಹುಟ್ಟಿದ್ದು 1276, ತೀರಿಕೊಂಡಿದ್ದು 1345. ಊರು ಇರ್ನ್‌ಹ್ಯಾಮ್, ಇಂಗ್ಲೆಂಡಿನ ಪೂರ್ವ ಭಾಗದ ಲಿಂಕನ್‌ಶೈರ್ ಸೀಮೆಯಲ್ಲಿದೆ. ಇವನೇನು ರಾಜನಲ್ಲ, ಹೆಸರುವಾಸಿ ಯುದ್ಧ ಗೆದ್ದವನೂ ಅಲ್ಲ. ಇಂಥ ನೈಟ್‌ಗಳು ಆಗ ನೂರಾರು ಜನ ಇದ್ದರು, ಅವರಲ್ಲಿ ಎಷ್ಟೋ ಜನರನ್ನ ಇವತ್ತು ಕೇಳೋರಿಲ್ಲ. ಜೆಫ್ರಿ ಹೆಸರು ಉಳಿದಿರೋದು ಅವನು ಮಾಡಿಸಿದ ಒಂದು ಪುಸ್ತಕದಿಂದ. ಬೈಬಲ್ಲಿನ ಕೀರ್ತನೆಗಳನ್ನ ಲ್ಯಾಟಿನ್ ಭಾಷೆಯಲ್ಲಿ, ಹದ ಮಾಡಿದ ಚರ್ಮದ ಹಾಳೆ ಮೇಲೆ ಕೈಯಲ್ಲೇ ಬರೆಸಿದ. 309 ಹಾಳೆ, ಅಂಚಿನಲ್ಲಿ ಬಣ್ಣಬಣ್ಣದ ಚಿತ್ರ. ಇದಕ್ಕೆ ಲಟ್ರೆಲ್ ಸಾಲ್ಟರ್ ಅಂತಾರೆ. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಪುಸ್ತಕದ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಜಮೀನು ಎಲ್ಲಿಂದ ಬಂತು ನೋಡೋಣ.

1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮಂಡಿಯಿಂದ ವಿಲಿಯಂ ಬಂದು ಇಂಗ್ಲೆಂಡ್ ಗೆದ್ದ. ಅದಕ್ಕೆ ಮುಂಚೆ ಈ ಜಮೀನು ಮೆರ್ಲ್ಸ್‌ವೈನ್ ಅನ್ನೋ ಇಂಗ್ಲಿಷ್ ಒಡೆಯನ ಕೈಲಿತ್ತು. ಅವನು ಹೊಸ ರಾಜನ ವಿರುದ್ಧ ದಂಗೆ ಎದ್ದವರ ಜೊತೆ ಸೇರಿದ. ಸೋತ ಮೇಲೆ ಇನ್ನೇನು, ಬೇರೆ ಬೇರೆ ಸೀಮೆಯಲ್ಲಿದ್ದ ಅವನ ಜಮೀನೆಲ್ಲ ರಾಲ್ಫ್ ಪೇನೆಲ್ ಅನ್ನೋ ನಾರ್ಮನ್ನನ ಪಾಲಾಯ್ತು. 1086ರಲ್ಲಿ ವಿಲಿಯಂ ದೇಶದ ಜಮೀನಿನ ಲೆಕ್ಕ ಬರೆಸಿದ. ಡೂಮ್ಸ್‌ಡೇ ಪುಸ್ತಕ ಅಂತಾರೆ. ಮುಂಚೆ ಯಾರ ಹತ್ತಿರ ಇತ್ತು, ಈಗ ಯಾರ ಹತ್ತಿರ ಇದೆ, ಎಷ್ಟು ನೇಗಿಲು, ಎಷ್ಟು ಒಕ್ಕಲು, ಹುಲ್ಲುಗಾವಲು ಎಷ್ಟು, ಗಿರಣಿ ಎಷ್ಟು, ಎಲ್ಲ ಅದರಲ್ಲಿದೆ. ಸರ್ವೆ ಮಾಡಿಸಿದ್ದು ರೈತನಿಗೆ ಹಕ್ಕು ಕೊಡೋಕಲ್ಲ, ಯಾವ ಊರಿಂದ ಎಷ್ಟು ಹುಟ್ಟುತ್ತೆ ಅಂತ ರಾಜನಿಗೆ ಗೊತ್ತಾಗೋಕೆ.

ಲಟ್ರೆಲ್‌ಗಳಿಗೆ ಈ ಜಮೀನು ಕತ್ತಿಯಿಂದ ಬರಲಿಲ್ಲ, ಹೆಣ್ಣಿನ ಕಡೆಯಿಂದ ಬಂತು. ನಮ್ಮ ಜೆಫ್ರಿಯ ಮುತ್ತಜ್ಜನ ಅಪ್ಪನ ಹೆಸರೂ ಜೆಫ್ರಿ. ಅವನು ಜಾನ್ ರಾಜನ ಸೇವೆಯಲ್ಲಿದ್ದವನು, ಪೇನೆಲ್ ಮನೆತನದ ಫ್ರೆಥೆಸಾಂಟ್ ಅನ್ನೋಳನ್ನ ಮದುವೆಯಾದ. ಆ ಸಂಬಂಧದ ಹಕ್ಕಿನಲ್ಲಿ 1230ರ ನಂತರ ಇವರ ಮಗ ಆಂಡ್ರ್ಯೂಗೆ ಇರ್ನ್‌ಹ್ಯಾಮ್ ಬಂತು. ದೂರದ ಸಾಮರ್ಸೆಟ್ ಸೀಮೆಯ ಈಸ್ಟ್ ಕ್ವಾಂಟಾಕ್ಸ್‌ಹೆಡ್ ಅನ್ನೋ ಊರೂ ಬಂತು. ಆಂಡ್ರ್ಯೂ ಆ ದೂರದ ಊರನ್ನ ಕಿರಿಮಗ ಅಲೆಕ್ಸಾಂಡರ್‌ಗೆ ಕೊಟ್ಟ. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಉಳಿದ ಆಸ್ತಿ ಹಿರಿಮಗನಿಗೆ. ಅಲ್ಲಿನ ನೈಟ್‌ಗಳ ಕಾನೂನು ಹಾಗೆ, ಗಂಡುಮಕ್ಕಳಿದ್ದರೆ ಹಿರಿಯವನಿಗೇ ಎಲ್ಲಾ. ಗಂಡುಮಕ್ಕಳು ಇಲ್ಲದಿದ್ದರೆ ಮಾತ್ರ ಹೆಣ್ಣುಮಕ್ಕಳಿಗೆ ಸಮಪಾಲು. ಗಂಡ ಸತ್ತರೆ ಹೆಂಡತಿಗೆ ಬದುಕಿರೋ ತನಕ ಮೂರನೇ ಒಂದು ಪಾಲಿನ ಹುಟ್ಟುವಳಿ. 1297ರಲ್ಲಿ ಅಪ್ಪ ರಾಬರ್ಟ್ ತೀರಿಕೊಂಡಾಗ ಜೆಫ್ರಿಗೆ ಸುಮಾರು 21 ವರ್ಷ. ಇರ್ನ್‌ಹ್ಯಾಮ್ ಜೊತೆಗೆ ಯಾರ್ಕ್‌ಶೈರಿನ ಹೂಟನ್ ಪ್ಯಾಗ್ನೆಲ್, ನಾಟಿಂಗ್‌ಹ್ಯಾಮ್‌ಶೈರಿನ ಗ್ಯಾಮ್‌ಸ್ಟನ್ ಮತ್ತು ಬ್ರಿಜ್‌ಫರ್ಡ್, ಲೆಸ್ಟರ್‌ಶೈರಿನ ಸಾಲ್ಟ್‌ಬಿ, ಹೀಗೆ ನಾಲ್ಕು ಸೀಮೆಯಲ್ಲಿ ಜಮೀನು ಅವನ ಹೆಸರಿಗೆ ಬಂತು.

ಹಾಗಂತ ಅವನು ಪೂರ್ತಿ ಮಾಲೀಕ ಅಲ್ಲ. ಇಂಗ್ಲೆಂಡಿನ ನೆಲವೆಲ್ಲ ಕೊನೆಗೆ ರಾಜನದ್ದೇ, ಉಳಿದವರೆಲ್ಲ ಅವನ ಕೆಳಗೆ ಹಿಡಿದವರು. ಹಿಡಿದದ್ದಕ್ಕೆ ಪ್ರತಿಯಾಗಿ ಯುದ್ಧಕ್ಕೆ ಹೋಗಬೇಕು, ಇಲ್ಲಾ ಹಣ ಕಟ್ಟಬೇಕು. ಜೆಫ್ರಿಗೂ ಸ್ಕಾಟ್ಲೆಂಡ್ ಯುದ್ಧಕ್ಕೆ ಕರೆ ಬರ್ತಾನೇ ಇತ್ತು. ಒಡೆಯ ಸತ್ತರೆ ರಾಜನ ಅಧಿಕಾರಿ ಬಂದು ಊರ ಜನರನ್ನ ಸೇರಿಸಿ, ಪ್ರಮಾಣ ಮಾಡಿಸಿ, ಇವನ ಉಳುವ ಭೂಮಿ ಎಷ್ಟು, ವಾರಸುದಾರ ಯಾರು, ಅವನ ವಯಸ್ಸೆಷ್ಟು ಅಂತ ಬರ್ಕೊಳ್ಳೋನು. ವಾರಸುದಾರ 21 ತುಂಬದ ಹುಡುಗನಾದರೆ ಅಲ್ಲಿ ತನಕ ಜಮೀನಿನ ಹುಟ್ಟುವಳಿ ಮೇಲಿನವನಿಗೆ. ಆ ಹುಡುಗನ ಮದುವೆ ಯಾರ ಜೊತೆ ಅನ್ನೋದೂ ಮೇಲಿನವನೇ ಗೊತ್ತು ಮಾಡೋದು, ಅದನ್ನ ದುಡ್ಡಿಗೆ ಮಾರೋದೂ ಉಂಟು.

ಅದಕ್ಕೇ ಈ ಜನಕ್ಕೆ ಮದುವೆ ಅಂದ್ರೆ ಜಮೀನಿನ ವ್ಯವಹಾರ. ಜೆಫ್ರಿಯ ಹೆಂಡತಿ ಆಗ್ನೆಸ್, ಸಟನ್ ಮನೆತನದವಳು. ಮಗ ಆಂಡ್ರ್ಯೂಗೆ ಇನ್ನೂ ಆಡೋ ವಯಸ್ಸಿನಲ್ಲೇ ಬಿಯಾಟ್ರಿಸ್ ಜೊತೆ ಸಂಬಂಧ ಕುದುರಿಸಿದರು. ಅವಳಪ್ಪ ಜೆಫ್ರಿ ಲೆ ಸ್ಕ್ರೋಪ್ ರಾಜನ ಕೋರ್ಟಿನಲ್ಲಿ ಮುಖ್ಯ ನ್ಯಾಯಾಧೀಶನಾದವನು. ಜಮೀನಿನ ತಕರಾರು ಇರೋ ಕಾಲದಲ್ಲಿ ಅಂಥ ಬೀಗರು ಸಿಕ್ಕಿದರೆ ಯಾರು ಬಿಡ್ತಾರೆ? ಇನ್ನೊಂದು ಸಂಗತಿ ನೋಡಿ. ಜೆಫ್ರಿ ಮತ್ತು ಆಗ್ನೆಸ್ ದೂರದ ರಕ್ತ ಸಂಬಂಧಿಗಳು, ಚರ್ಚಿನ ನಿಯಮದ ಪ್ರಕಾರ ಈ ಮದುವೆ ನಡೀಬಾರದಿತ್ತು. ಮಕ್ಕಳು ದೊಡ್ಡವರಾದ ಮೇಲೆ, 1331ರಲ್ಲಿ, ಪೋಪ್ ಹತ್ತಿರ ಅನುಮತಿ ತರಿಸಿಕೊಂಡರು. ಮದುವೆಯೇ ಸಿಂಧು ಅಲ್ಲ ಅಂತ ಯಾರಾದರೂ ಕೇಸು ಹಾಕಿದರೆ ಮಕ್ಕಳ ಹಕ್ಕು ಹೋಗುತ್ತೆ, ಜಮೀನೂ ಹೋಗುತ್ತೆ.

ಇನ್ನು ಉಳುವವರ ಕಡೆ ಬರೋಣ. ಒಡೆಯ ಒಂದಷ್ಟು ಭೂಮಿಯನ್ನ ತನ್ನ ಸ್ವಂತ ಸಾಗುವಳಿಗೆ ಇಟ್ಕೊಳ್ಳೋನು. ಉಳಿದದ್ದು ಒಕ್ಕಲುಗಳ ಕೈಲಿ. ಅವರಲ್ಲಿ ಊರಿಗೇ ಕಟ್ಟುಬಿದ್ದವರನ್ನ ‘ವಿಲನ್’ ಅಂತಿದ್ರು. ನಾವು ಸಿನಿಮಾದಲ್ಲಿ ಕೆಟ್ಟವನಿಗೆ ಹೇಳೋ ಪದದ ಮೂಲ ಇದೇ. ಹೊಲದಲ್ಲಿ ದುಡಿಯೋನ ಹೆಸರನ್ನೇ ಬೈಗುಳ ಮಾಡಿದರು ನೋಡಿ. ವಿಲನ್ ಆದವನು ವಾರದಲ್ಲಿ ಇಷ್ಟು ದಿನ ಅಂತ ಒಡೆಯನ ಹೊಲದಲ್ಲಿ ಬಿಟ್ಟಿ ದುಡೀಬೇಕು, ಸುಗ್ಗಿಯಲ್ಲಿ ಇನ್ನೂ ಹೆಚ್ಚು. ತನ್ನ ಪೈರು ಉದುರ್ತಾ ಇದ್ರೂ ಮೊದಲು ಅವನದ್ದು ಕೊಯ್ಯಬೇಕು. ಮಗಳ ಮದುವೆ ಮಾಡಿದರೆ ಒಡೆಯನಿಗೆ ಕಾಸು ಕಟ್ಟಬೇಕು. ಹಿಟ್ಟು ಬೀಸಿಸೋದು ಒಡೆಯನ ಗಿರಣಿಯಲ್ಲೇ, ಅಲ್ಲಿ ಕಾಳಿನಲ್ಲಿ ಒಂದು ಪಾಲು ಕಡಿತ. ಮನೆ ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿರೋ ಒಳ್ಳೇ ದನ ಒಡೆಯನಿಗೆ.

ಬೇಸಾಯ ಹೇಗಿತ್ತು ಅಂದ್ರೆ, ಬಹಳ ಊರಲ್ಲಿ ಭೂಮಿಯನ್ನ ಮೂರು ದೊಡ್ಡ ಬಯಲು ಮಾಡಿ, ಒಂದರಲ್ಲಿ ಚಳಿಗೆ ಮುಂಚೆ ಗೋಧಿ, ಇನ್ನೊಂದರಲ್ಲಿ ಚಳಿ ಕಳೆದ ಮೇಲೆ ಬಾರ್ಲಿ, ಓಟ್ಸ್, ಬಟಾಣಿ ಹಾಕೋರು. ಮೂರನೇದು ಬೀಳು, ದನ ಕುರಿ ಮೇಯಿಸೋಕೆ. ಪ್ರತಿ ಒಕ್ಕಲಿಗೂ ಮೂರು ಬಯಲಲ್ಲೂ ಅಲ್ಲಲ್ಲಿ ಉದ್ದುದ್ದ ಪಟ್ಟಿ. ಪಟ್ಟಿ ಯಾಕೆ ಉದ್ದ? ಭಾರದ ನೇಗಿಲು, ಜೋಡಿ ಮೇಲೆ ಜೋಡಿ ಎತ್ತು, ಪದೇ ಪದೇ ತಿರುಗಿಸೋದು ಕಷ್ಟ. ಒಂದೇ ಉಸಿರಿಗೆ ಹೊಡೆಯೋ ಸಾಲಿನ ಉದ್ದಕ್ಕೆ ಫರ್ಲಾಂಗ್ ಅಂದ್ರು, ‘ಸಾಲಿನುದ್ದ’ ಅಂತಲೇ ಅದರ ಅರ್ಥ. ಆ ಉದ್ದಕ್ಕೆ 22 ಗಜ ಅಗಲ ಸೇರಿಸಿದರೆ ಒಂದು ಎಕರೆ, ಒಂದು ದಿನದ ಉಳುಮೆ ಅನ್ನೋ ಲೆಕ್ಕ. ಆಮೇಲೆ ಬ್ರಿಟಿಷರ ಜೊತೆ ನಮ್ಮ ಕಡೆಗೂ ಬಂದಿದ್ದು ಇದೇ ಎಕರೆ. ನಾವು 40 ಗುಂಟೆ ಅಂತ ಎಣಿಸೋದು ಆ ಎತ್ತುಗಳು ನಡೆದ ಅಳತೆಯನ್ನೇ.

30 ಎಕರೆ ಇದ್ದೋನು ಅಲ್ಲಿ ಅನುಕೂಲಸ್ಥ. ಆದರೆ ಇಳುವರಿ ಕೇಳಿ. ಒಂದು ಪಾಲು ಬಿತ್ತಿದರೆ ಮೂರು, ನಾಲ್ಕು ಪಾಲು ಬರೋದು. ಗೋಧಿ ಎಕರೆಗೆ ಎರಡು, ಎರಡೂವರೆ ಕ್ವಿಂಟಾಲ್. ಅದರಲ್ಲಿ ಮುಂದಿನ ವರ್ಷದ ಬೀಜ ತೆಗೀಬೇಕು, ಚರ್ಚಿಗೆ ಹತ್ತರಲ್ಲಿ ಒಂದು ಕೊಡಬೇಕು. ಆ ಕಾಲದಲ್ಲಿ ಬೇಸಾಯದ ಬಗ್ಗೆ ಬರೆದ ವಾಲ್ಟರ್ ಆಫ್ ಹೆನ್ಲಿ ಅನ್ನೋನು, ಬಿತ್ತಿದ್ದರ ಮೂರು ಪಟ್ಟು ಬಂದರೆ ರೇಟು ಚೆನ್ನಾಗಿದ್ದರಷ್ಟೇ ಲಾಭ ಅಂತ ಲೆಕ್ಕ ಹಾಕಿ ತೋರಿಸಿದ. ರೇಟಿನ ಪೇಚಾಟ ಇವತ್ತಿನದಲ್ಲ. ಕುದುರೆಗಿಂತ ಎತ್ತು ಖರ್ಚಿಗೆ ಕಮ್ಮಿ ಅನ್ನೋದೂ ಅವನ ವಾದ.

ಜೆಫ್ರಿ ಕಾಲದಲ್ಲೇ ದೊಡ್ಡ ಹೊಡೆತ ಬಿತ್ತು. 1315ರಲ್ಲಿ ಮಳೆ ಶುರುವಾದದ್ದು ನಿಲ್ಲಲಿಲ್ಲ. ಪೈರು ಕೊಳೀತು, ಒಣಗಿಸೋಕೆ ಬಿಸಿಲಿಲ್ಲ, ಮುಂದಿನ ವರ್ಷವೂ ಅದೇ ಗತಿ. 1317ರ ತನಕ ಬರಗಾಲ, ಜನ ಹಸಿವಿಂದ ಸತ್ತರು. ಅದು ಮುಗೀತು ಅನ್ನೋ ಹೊತ್ತಿಗೆ, 1319ರಲ್ಲಿ ದನಗಳಿಗೆ ರೋಗ ಬಂತು. ಎರಡು ವರ್ಷದೊಳಗೆ ಇಂಗ್ಲೆಂಡಿನ ದನಗಳಲ್ಲಿ ನೂರಕ್ಕೆ ಅರವತ್ತರಷ್ಟು ಸತ್ತವು ಅಂತ ಅಂದಾಜು. ಕೊಟ್ಟಿಗೆ ಖಾಲಿಯಾದರೆ ಉಳುಮೆ ಎಲ್ಲಿಂದ?

ಇದೆಲ್ಲ ಆದ ಮೇಲೆ ಮಾಡಿಸಿದ್ದು ಆ ಪುಸ್ತಕ. ಅದರಲ್ಲಿ ಒಂದು ಹಾಳೆಯಲ್ಲಿ ಜೆಫ್ರಿ ಕುದುರೆ ಮೇಲೆ ಕೂತಿದ್ದಾನೆ, ಆಗ್ನೆಸ್ ಶಿರಸ್ತ್ರಾಣ ಕೊಡ್ತಿದ್ದಾಳೆ, ಸೊಸೆ ಬಿಯಾಟ್ರಿಸ್ ಗುರಾಣಿ ಹಿಡಿದಿದ್ದಾಳೆ. ಬಟ್ಟೆ, ಕುದುರೆ, ಬಾವುಟ, ಎಲ್ಲದರ ಮೇಲೂ ಮನೆತನದ ಗುರುತು, ನೀಲಿ ಮೇಲೆ ಬೆಳ್ಳಿಯ ಪುಟ್ಟ ಹಕ್ಕಿಗಳು. ಮೇಲೆ ಇದನ್ನ ಮಾಡಿಸಿದವನು ಇವನೇ ಅಂತ ಬರೆದಿದೆ.

ಆದರೆ ಲೋಕಕ್ಕೆ ಈ ಪುಸ್ತಕ ಗೊತ್ತಿರೋದು ಹೆಚ್ಚಾಗಿ ಬೇರೆ ಹಾಳೆಗಳಿಂದ. ನಾಲ್ಕು ಎತ್ತಿನ ನೇಗಿಲು, ಮೇಳಿ ಹಿಡಿದವನೊಬ್ಬ, ಉದ್ದನೆ ಚಾಟಿ ಹಿಡಿದವನೊಬ್ಬ. ಮುಂದಿನ ಪುಟದಲ್ಲಿ ಬೀಜ ಎರಚೋನು, ಹಿಂದೆ ಬೀಜದ ಚೀಲಕ್ಕೆ ಬಾಯಿ ಹಾಕಿರೋ ಕಾಗೆ, ಇನ್ನೊಂದು ಕಾಗೆ ಅಟ್ಟೋ ನಾಯಿ. ಆಮೇಲೆ ಕುದುರೆ ಕಟ್ಟಿ ಹಲುಬೆ ಹೊಡೆಯೋದು, ಕವಣೆ ಬೀಸಿ ಹಕ್ಕಿ ಓಡಿಸೋದು. ಹೆಂಟೆ ಒಡೆಯೋದು, ಮುಳ್ಳುಗಳೆ ಕೀಳೋದು. ಕೊಯ್ಲಿನ ಚಿತ್ರದಲ್ಲಿ ಮೂವರು ಹೆಂಗಸರು. ಒಬ್ಬಳು ಎದ್ದು ನಿಂತು ಸೊಂಟ ಹಿಂದಕ್ಕೆ ಚಾಚಿದ್ದಾಳೆ. ಬರೆದವನು ಯಾರೋ, ಕೊಯ್ಲು ಕಂಡವನೇ ಇರಬೇಕು. ಕೊನೆಗೆ ಮೂರು ಕುದುರೆ ಕಟ್ಟಿದ ಗಾಡಿ ತುಂಬಾ ಕಂತೆ, ದಿಬ್ಬ ಹತ್ತೋಕೆ ಜನ ಹಿಂದಿಂದ ನೂಕ್ತಿದ್ದಾರೆ. ಎತ್ತುಗಳು ಮೈತುಂಬಿಕೊಂಡಿವೆ. ಯಾರ ಮುಖದಲ್ಲೂ ಬರಗಾಲದ ಕಳೆ ಇಲ್ಲ. ನನಗನ್ನಿಸೋದು, ತನ್ನ ಜಮೀನು ಹೀಗಿರಬೇಕು ಅಂತ ಒಡೆಯನಿಗಿದ್ದ ಆಸೆ ಅದು, ಆಗಿನ ನಿಜ ಪೂರ್ತಿ ಅದಲ್ಲ.

ಜೆಫ್ರಿ ಸಾಯೋಕೆ ಸ್ವಲ್ಪ ಮುಂಚೆ, 1345ರಲ್ಲಿ, ಉಯಿಲು ಬರೆಸಿದ. ಇರ್ನ್‌ಹ್ಯಾಮ್ ಚರ್ಚಿನಲ್ಲೇ ಹೂಳಬೇಕು, 20 ಜನ ಪಾದ್ರಿಗಳು ಐದು ವರ್ಷ ತನ್ನ ಆತ್ಮಕ್ಕೆ ಪ್ರಾರ್ಥನೆ ಮಾಡಬೇಕು ಅಂತ ಅದರಲ್ಲಿದೆ. ಅಡುಗೆಯವನಿಗೂ ಹೆಸರು ಹೇಳಿ ಕೊಟ್ಟಿದ್ದಾನೆ, ಬ್ರಿಜ್‌ಫರ್ಡಿನ ಜಾನ್ ಅಂತ. ಪುಸ್ತಕದಲ್ಲಿ ನೇಗಿಲು ಹಿಡಿದವನಿಗೆ ಮಾತ್ರ ಹೆಸರಿಲ್ಲ.

ಮೂರು ವರ್ಷಕ್ಕೆ ಮಹಾಮಾರಿ ಪ್ಲೇಗ್ ಬಂತು. ಕೂಲಿಗೆ ಜನ ಇಲ್ಲ, ಕೂಲಿ ಏರಿತು. ಕೂಲಿ ಏರಿಸಬಾರದು ಅಂತ 1351ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿತು. 1381ರಲ್ಲಿ ರೈತರು ದಂಗೆ ಎದ್ದರು. ದಂಗೆ ಅಡಗಿಸಿದರೂ ಬಿಟ್ಟಿ ದುಡಿಮೆ ಮುಂದಿನ ನೂರು ವರ್ಷದಲ್ಲಿ ತಾನಾಗೇ ಸವೆದುಹೋಯ್ತು. ಮಗ ಆಂಡ್ರ್ಯೂ ಇದನ್ನೆಲ್ಲ ನೋಡಿ 1390ರಲ್ಲಿ ತೀರಿಕೊಂಡ. ಅದಾಗಿ 30 ವರ್ಷದೊಳಗೆ ಇರ್ನ್‌ಹ್ಯಾಮಿನ ಲಟ್ರೆಲ್ ಗಂಡು ಸಂತಾನವೇ ನಿಂತುಹೋಯ್ತು. ಜಮೀನು ಹವೀಸ್ ಅನ್ನೋ ಹೆಣ್ಣುಮಗಳ ಮೂಲಕ ಹಿಲ್ಟನ್ ಮನೆತನಕ್ಕೆ ಹೋಯ್ತು. ಹೆಣ್ಣಿನಿಂದ ಬಂದದ್ದು ಹೆಣ್ಣಿನಿಂದಲೇ ಹೋಯ್ತು.

ದೂರದ ಊರು ಹಿಡಿದ ಕಿರಿಮಗ ಅಲೆಕ್ಸಾಂಡರ್ ನೆನಪಿದೆಯಾ? ಅವನ ಕವಲು ಉಳೀತು. ಆ ಮನೆಯ ಎಲಿಜಬೆತ್ ಲಟ್ರೆಲ್ ಅನ್ನೋ ಹೆಂಗಸು 1376ರಲ್ಲಿ ಡನ್‌ಸ್ಟರ್ ಕೋಟೆಯನ್ನ 5,000 ಮಾರ್ಕ್ ಕೊಟ್ಟು ಕೊಂಡಳು. 1976ರಲ್ಲಿ ಮನೆತನದವರು ಅದನ್ನ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಕೊಟ್ಟರು. ಈಸ್ಟ್ ಕ್ವಾಂಟಾಕ್ಸ್‌ಹೆಡ್ ಮಾತ್ರ ಪೇನೆಲ್ ಕಾಲದಿಂದ ವಂಶದಲ್ಲೇ ಇಳಿದು ಬಂದಿದೆ, ಮಾರಿಲ್ಲ. ಪುಸ್ತಕವನ್ನ 1929ರಲ್ಲಿ 31,500 ಪೌಂಡಿಗೆ ಬ್ರಿಟಿಷ್ ಮ್ಯೂಸಿಯಂ ಕೊಂಡಿತು. ಅಮೆರಿಕದ ಸಾಹುಕಾರ ಜೆ.ಪಿ. ಮಾರ್ಗನ್ ಬಡ್ಡಿ ಇಲ್ಲದೆ ಸಾಲ ಕೊಟ್ಟ.

ನಮ್ಮ ಪಹಣಿಯಲ್ಲಿ 9ನೇ ಕಾಲಂ ಮಾಲೀಕನ ಹೆಸರು, 12ನೇ ಕಾಲಂ ಸಾಗುವಳಿ ಮಾಡಿದವನ ಹೆಸರು. ಜೆಫ್ರಿ ತನ್ನ 9ನೇ ಕಾಲಮ್ಮನ್ನ ಬರೆಸಿಕೊಂಡ. 12ನೇದರಲ್ಲಿ ಹೆಸರು ಹಾಕಿಸದೆ ಚಿತ್ರ ಮಾತ್ರ ಬಿಡಿಸಿಸಿದ. ಈಗ ಇಂಗ್ಲೆಂಡಿನ ಶಾಲೆ ಪುಸ್ತಕದಲ್ಲೆಲ್ಲ ಹಾಕೋದು ಆ ಎತ್ತು, ಆ ಕವಣೆ, ಆ ಸೊಂಟ ನೋಯ್ತಿರೋ ಹೆಂಗಸು. ನೋಡೋರಿಗೆ ಕೆಲಸ ಗುರುತಾಗುತ್ತೆ, ಮಾಡಿದವರು ಯಾರು ಅಂತ ಗೊತ್ತಾಗಲ್ಲ. ನಿಮ್ಮಲ್ಲಿ ಯಾರ ಹೊಲದ 12ನೇ ಕಾಲಂ ಖಾಲಿ ಇದ್ಯೋ, ಬೇರೆಯವರ ಹೆಸರಲ್ಲಿದ್ಯೋ, ಒಂದ್ಸಲ ತೆಗೆದು ನೋಡ್ಕೊಳ್ಳಿ.