ಕಿಡಿಯ ಇತಿಹಾಸ ಮತ್ತು ‘ಮಿಸ್ಸಿಂಗ್’ ಎಂಬ ವ್ಯಾಧಿ

ಓಡುತ್ತಿರುವ ಕಾರಿನ ಎಂಜಿನ್ ನಡುನಡುವೆ ಒಂದೆರಡು ಬಡಿತ ತಪ್ಪಿ ಮುಗ್ಗರಿಸುವುದನ್ನು ನಮ್ಮ ಗ್ಯಾರೇಜುಗಳಲ್ಲಿ ‘ಮಿಸ್ಸಿಂಗ್’ ಎನ್ನುತ್ತಾರೆ. ಸದಾ ಇರುವ ಮಿಸ್ಸಿಂಗನ್ನು ಹಿಡಿಯುವುದು ಸುಲಭ. ಬಂದು ಹೋಗುವಂಥದು ಮಾತ್ರ ಮೆಕ್ಯಾನಿಕ್ ಎದುರು ನಿಂತೊಡನೆ ಮಾಯವಾಗಿಬಿಡುತ್ತದೆ. ಅದನ್ನು ಹುಡುಕುವ ವಿದ್ಯೆಗೂ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ.

1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ರೂಪಿಸಿದರು. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಾರುಗಳಿಗೆ ಒದಗಿಸಿದರು. ನಮ್ಮ ಅಂಬಾಸಿಡರ್, ಪದ್ಮಿನಿಗಳು ಓಡಿದ್ದು ಈ ಕ್ರಮದಲ್ಲಿಯೇ. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೋ (2008ರಿಂದ ಬಾಷ್ ಲಿಮಿಟೆಡ್) ಡೀಸೆಲ್ ಪಂಪುಗಳೊಡನೆ ಸ್ಪಾರ್ಕ್ ಪ್ಲಗ್ಗುಗಳನ್ನೂ ತಯಾರಿಸಿತು. ಆಡುಗೋಡಿಯ ಬಳಿಕ ಎಲೆಕ್ಟ್ರಾನಿಕ್ ಸಿಟಿಯ ಸಮೀಪದ ನಾಗನಾಥಪುರದಲ್ಲಿಯೂ ಅದರ ಕಾರ್ಖಾನೆ ಬಂದಿತು. ಸ್ಕೂಟರ್ ಇಟ್ಟಿದ್ದ ಯಾವ ಮನೆಗೂ ‘ಮೈಕೋ ಪ್ಲಗ್’ ಎಂಬ ಹೆಸರು ಅಪರಿಚಿತವಾಗಿರಲಿಲ್ಲ.

ಕೆಟರಿಂಗ್ ಕ್ರಮದಲ್ಲಿ ಪಾಯಿಂಟ್ ತೆರೆದುಕೊಂಡ ಕ್ಷಣ ಕಾಯಿಲಿನಲ್ಲಿ 12 ವೋಲ್ಟು ಹಲವು ಸಾವಿರ ವೋಲ್ಟಾಗಿ ಜಿಗಿಯುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಬೇಕಾಗುವ ಕಿಡಿಗಳು 6000. ಸೆಕೆಂಡಿಗೆ ನೂರು! ಅವುಗಳಲ್ಲಿ ಮೂರು ನಾಲ್ಕು ತಪ್ಪಿದರೂ ಚಾಲಕನಿಗೆ ತಿಳಿಯುತ್ತದೆ.

1990ರ ದಶಕದ ಆರಂಭದಲ್ಲಿ ನಮ್ಮ ಭಾವನವರ ಅಂಬಾಸಿಡರಿಗೆ ಈ ವ್ಯಾಧಿ ತಗುಲಿತ್ತು. ಒಂದು ಗ್ಯಾರೇಜಿನಲ್ಲಿ ಪ್ಲಗ್, ಇನ್ನೊಂದರಲ್ಲಿ ಕಾಯಿಲ್, ಮತ್ತೊಂದರಲ್ಲಿ ಪೆಟ್ರೋಲ್ ಪಂಪ್ ಬದಲಾದವು. ಸಂಬಳದ ದೊಡ್ಡ ಪಾಲು ಕರಗಿ, ಕಾರನ್ನೇ ಮಾರುವ ಮಾತು ಬಂದಿತ್ತು. ಕೊನೆಗೆ ಪೀಣ್ಯದ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮೊದಲೇ ಕೇಳಿದರು: “ಯಾವಾಗ ಬರುತ್ತೆ ಸಾರ್? ಏರಲ್ಲೋ, ಸಪಾಟಲ್ಲೋ?”

ತುಮಕೂರು ರಸ್ತೆಯಲ್ಲಿ ಹಗುರವಾಗಿ ಓಡುವಾಗ ಬರುತ್ತದೆ, ಏರು ಹತ್ತುವಾಗ ಇಲ್ಲ ಎಂದರು ಭಾವ. ಪೆಟ್ರೋಲಿನ ಕೊರತೆಯಾಗಲಿ ಕಾಯಿಲಿನ ದೌರ್ಬಲ್ಯವಾಗಲಿ ಸಾಮಾನ್ಯವಾಗಿ ಏರಿನಲ್ಲಿಯೇ ಮೊದಲು ಕಾಣಬೇಕು. ಇಲ್ಲಿ ತದ್ವಿರುದ್ಧ. ಹಗುರವಾಗಿ ಓಡುವಾಗ ಎಂಜಿನ್ನಿನ ನಿರ್ವಾತವು ಒಂದು ಸಣ್ಣ ಕೊಳವೆಯ ಮೂಲಕ ಡಿಸ್ಟ್ರಿಬ್ಯೂಟರಿನ ಒಳತಟ್ಟೆಯನ್ನು ತುಸು ತಿರುಗಿಸಿ ಕಿಡಿಯನ್ನು ಬೇಗ ಬರಿಸುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ನಿರ್ವಾತ ಕುಸಿದು ತಟ್ಟೆ ಹಿಂದೆ ಬರುತ್ತದೆ. ಆ ಮಹನೀಯರು ಎಂಜಿನ್ ಚಾಲೂ ಇರುವಾಗಲೇ ಆ ಕೊಳವೆಯನ್ನು ಬಾಯಲ್ಲಿಟ್ಟು ಹೀರಿದರು. ಎಂಜಿನ್ ತೊದಲಿತು! ಬಿಟ್ಟರೆ ಸರಿಹೋಯಿತು. ಮುಚ್ಚಳ ತೆಗೆದು ನೋಡಿದರೆ, ಪಾಯಿಂಟಿಗೆ ಹೋಗುವ ಗೇಣುದ್ದವೂ ಇಲ್ಲದ ತಂತಿ. ಮೇಲಿನ ಹೊದಿಕೆ ಅಖಂಡ, ಒಳಗಿನ ತಾಮ್ರದ ಎಳೆಗಳು ತುಂಡು. ತಟ್ಟೆ ತಿರುಗಿ ತಂತಿ ಎಳೆದಾಗ ಅಗಲುತ್ತಿದ್ದವು, ಸಡಿಲಿಸಿದಾಗ ಕೂಡುತ್ತಿದ್ದವು. ತರಗತಿಯಲ್ಲಿ ನಾನು ಆಧಾರ, ಊಹೆ, ಪರೀಕ್ಷೆ ಎಂದು ವರ್ಷಗಟ್ಟಲೆ ಹೇಳಿದ್ದನ್ನು ಅವರು ಹತ್ತು ನಿಮಿಷದಲ್ಲಿ ಮಾಡಿ ತೋರಿಸಿದ್ದರು.

ಇಂದಿನ ಕಾರುಗಳಲ್ಲಿ ಪಾಯಿಂಟೂ ಇಲ್ಲ, ಆ ತಂತಿಯೂ ಇಲ್ಲ. ಒಂದು ಕಿಡಿ ತಪ್ಪಿದರೆ ಕ್ರ್ಯಾಂಕ್ ದಂಡದ ವೇಗ ಕ್ಷಣಮಾತ್ರ ಇಳಿಯುತ್ತದೆ. ಕಂಪ್ಯೂಟರ್ ಅದನ್ನು ಲೆಕ್ಕವಿಟ್ಟು ಪಿ0300, ಪಿ0301 ಎಂಬಂತಹ ಸಂಕೇತಗಳನ್ನು ಬರೆದಿಡುತ್ತದೆ. ಇಂತಹ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ 1996ರಿಂದ, ನಮ್ಮಲ್ಲಿ 2013ರಿಂದ ಕಡ್ಡಾಯ. ಸಂಕೇತದೊಡನೆ ಆ ಕ್ಷಣದ ವೇಗ, ಎಂಜಿನ್ನಿನ ಬಿಸಿ, ಹೊರೆ ಇವೂ ದಾಖಲಾಗುತ್ತವೆ. ಪೀಣ್ಯದ ಮೆಕ್ಯಾನಿಕ್ ಕೇಳಿದ “ಯಾವಾಗ ಬರುತ್ತೆ?” ಎಂಬುದಕ್ಕೆ ಈಗ ಯಂತ್ರವೇ ಉತ್ತರ ಹೇಳುತ್ತದೆ. ಏಕೆ ಬರುತ್ತದೆಂಬುದನ್ನು ಈಗಲೂ ಮನುಷ್ಯನೇ ಹುಡುಕಬೇಕು. ಸಂಕೇತ ಕಂಡೊಡನೆ ಪ್ಲಗ್ಗು, ಕಾಯಿಲು ಎಲ್ಲವನ್ನೂ ಬದಲಿಸುವವರು ಇಂದಿಗೂ ಇದ್ದಾರೆನ್ನಿ.

ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಅಂತಹ ಹಳೆಯ ಪೆಟ್ರೋಲ್ ಕಾರನ್ನು ಇನ್ನೂ ಇಟ್ಟುಕೊಂಡಿರುವವರು ಮಿಸ್ಸಿಂಗ್ ಬಂದಾಗಲೆಲ್ಲ ಮಳೆಯೋ ಬಿಸಿಲೋ, ಏರೋ ಸಪಾಟೋ, ಎಂಜಿನ್ ಬಿಸಿಯಾಗಿತ್ತೋ ತಣ್ಣಗಿತ್ತೋ ಎಂದು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು, ಗ್ಯಾರೇಜಿಗೆ ಹೋಗುವಾಗ ಅದನ್ನೂ ಒಯ್ಯಲಿ.