ಸಿಮರಾನ್ ಕೌಂಟಿ: ತಡವಾಗಿ ಕೊಡುತ್ತಿರುವ ಒಂದು ಉತ್ತರ



ಚಳ್ಳಕೆರೆ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸ, ಭೂಗೋಳಗಳನ್ನು ಪಾಠ ಹೇಳಿದವನು ನಾನು. ಉತ್ತರ ಅಮೆರಿಕದ ಹುಲ್ಲುಗಾವಲುಗಳ ಪಾಠ ಬಂದಾಗ, 1930ರ ದಶಕದ ಧೂಳಿನ ಬಿರುಗಾಳಿಗಳ ವಿಷಯವನ್ನು ಎರಡು ವಾಕ್ಯಗಳಲ್ಲಿ ಮುಗಿಸಿ ಮುಂದಕ್ಕೆ ಹೋಗುವುದು ನನ್ನ ವಾಡಿಕೆಯಾಗಿತ್ತು. "ಮಳೆ ಬರಲಿಲ್ಲ, ಮಣ್ಣು ಹಾರಿಹೋಯಿತು, ಜನ ಊರು ಬಿಟ್ಟರು." ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ನಮ್ಮೂರಲ್ಲೂ ಮಳೆ ಬರಲ್ಲ ಸಾರ್, ಆದ್ರೆ ನಮ್ಮ ಹೊಲ ಹಾರಿಹೋಗಿಲ್ವಲ್ಲ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. "ಅಲ್ಲಿ ಗಾಳಿ ಜೋರು, ಕೂತ್ಕೊಳೋ" ಎಂದುಬಿಟ್ಟೆ. ಉತ್ತರ ನನಗೇ ತಿಳಿದಿರಲಿಲ್ಲವೆಂಬುದು ನಿಜವಾದ ಸಂಗತಿ.

ನಿವೃತ್ತನಾದ ಮೇಲೆ ಮಗಳ ಮನೆಗೆಂದು ಡೆನ್ವರ್ ನಗರಕ್ಕೆ ಹೋಗಿದ್ದೆ. ಅಲ್ಲಿಂದ ಟೆಕ್ಸಾಸ್ ಕಡೆಗೆ ಕಾರಿನಲ್ಲಿ ಹೋಗುವಾಗ 287ನೆಯ ಹೆದ್ದಾರಿ ನಮ್ಮನ್ನು ಒಕ್ಲಹೋಮ ರಾಜ್ಯದ ಪಶ್ಚಿಮ ತುದಿಯ ಒಂದು ಚಿಕ್ಕ ಊರಿಗೆ ತಂದಿತು. ಊರ ನಡುವೆ ವೃತ್ತ, ವೃತ್ತದೊಳಗೆ ನ್ಯಾಯಾಲಯದ ಕಟ್ಟಡ, ಸುತ್ತಲೂ ದಿಗಂತದವರೆಗೆ ಬಯಲು. ಊರ ಹೆಸರು ಬಾಯ್ಸ್ ಸಿಟಿ. ಸಿಮರಾನ್ ಕೌಂಟಿಯ ಕೇಂದ್ರಸ್ಥಾನ. ನಾನು ಎರಡು ವಾಕ್ಯಗಳಲ್ಲಿ ಮುಗಿಸುತ್ತಿದ್ದ ಪಾಠ ನಡೆದದ್ದು ಈ ನೆಲದಲ್ಲಿಯೇ ಎಂದು ತಿಳಿದಾಗ ಆ ಹುಡುಗನ ಮುಖ ಕಣ್ಣೆದುರು ಬಂದಿತು. ಆ ಬಳಿಕ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಕ್ಷೆಯನ್ನು ಬಿಡಿಸಿರಿ. (ಮೇಷ್ಟ್ರ ಚಾಳಿ, ಕ್ಷಮಿಸಿ!) ಒಕ್ಲಹೋಮ ರಾಜ್ಯ ಹಿಡಿಯುಳ್ಳ ಬಾಣಲೆಯಂತಿದೆ. ಆ ಹಿಡಿಯ ತುತ್ತತುದಿಯೇ ಸಿಮರಾನ್ ಕೌಂಟಿ. ಉತ್ತರಕ್ಕೆ ಕೊಲೊರಾಡೊ ಮತ್ತು ಕಾನ್ಸಸ್, ದಕ್ಷಿಣಕ್ಕೆ ಟೆಕ್ಸಾಸ್, ಪಶ್ಚಿಮಕ್ಕೆ ನ್ಯೂ ಮೆಕ್ಸಿಕೊ. ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚಿನ ಕೌಂಟಿಗಳಲ್ಲಿ ಬೇರೆ ನಾಲ್ಕು ರಾಜ್ಯಗಳ ಗಡಿಯನ್ನು ಮುಟ್ಟುವುದು ಇದೊಂದೇ. ವಿಸ್ತೀರ್ಣ ಸುಮಾರು 1,840 ಚದರ ಮೈಲಿ. ವಾಯವ್ಯ ಮೂಲೆಯಲ್ಲಿ ಲಾವಾರಸದ ಶಿಲೆಯನ್ನು ಹೊದ್ದ ಬ್ಲ್ಯಾಕ್ ಮೇಸಾ ಎಂಬ ಚಪ್ಪಟೆ ಬೆಟ್ಟವಿದೆ. 4,973 ಅಡಿ ಎತ್ತರದ ಇದು ರಾಜ್ಯದ ಅತ್ಯುನ್ನತ ಸ್ಥಳ. ಅದರ ಸಮೀಪದ ಕೆಂಟನ್ ಎಂಬ ಹಳ್ಳಿಯ ಜನ ರೂಢಿಯಲ್ಲಿ ನ್ಯೂ ಮೆಕ್ಸಿಕೊದ ವೇಳೆಯನ್ನೇ ಅನುಸರಿಸುತ್ತಾರೆ. ಆದುದರಿಂದ ಅವರ ಗಡಿಯಾರ ರಾಜ್ಯದ ಉಳಿದ ಭಾಗಕ್ಕಿಂತ ಒಂದು ಗಂಟೆ ಹಿಂದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 17 ಅಂಗುಲ ಮಾತ್ರ. ನಮ್ಮ ಚಳ್ಳಕೆರೆಯ ಮಳೆಯೂ ಹೆಚ್ಚು ಕಡಿಮೆ ಅಷ್ಟೇ. ಆ ಹುಡುಗನ ಪ್ರಶ್ನೆ ಎಷ್ಟು ಸರಿಯಾಗಿತ್ತು ನೋಡಿ!

ಈ ಬಾಣಲೆಯ ಹಿಡಿ ಹುಟ್ಟಿದ ಕಥೆಯೂ ವಿಚಿತ್ರವಾದುದು. ಕೊಮಾಂಚೆ, ಕಯೋವ ಮೊದಲಾದ ಮೂಲನಿವಾಸಿಗಳು ಕಾಡೆಮ್ಮೆಗಳನ್ನು ಬೇಟೆಯಾಡುತ್ತಿದ್ದ ಬಯಲಿದು. 1820ರ ಒಪ್ಪಂದವೊಂದರಂತೆ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ನಿಷಿದ್ಧವಾಗಿತ್ತು. ಗುಲಾಮರನ್ನು ಇಟ್ಟುಕೊಂಡೇ ಒಕ್ಕೂಟವನ್ನು ಸೇರಿದ್ದ ಟೆಕ್ಸಾಸ್, 1850ರಲ್ಲಿ ಆ ರೇಖೆಯ ಮೇಲಿನ ನೆಲವನ್ನು ಬಿಟ್ಟುಕೊಟ್ಟಿತು. 1854ರಲ್ಲಿ ಕಾನ್ಸಸ್ ಪ್ರಾಂತದ ದಕ್ಷಿಣದ ಗಡಿಯನ್ನು 37ನೆಯ ಅಕ್ಷಾಂಶದಲ್ಲಿ ಎಳೆದರು. ನಡುವೆ ಸುಮಾರು 34 ಮೈಲಿ ಅಗಲದ ಪಟ್ಟಿಯೊಂದು ಯಾರಿಗೂ ಸೇರದೆ ಉಳಿಯಿತು. ಅದಕ್ಕೆ ಜನ ಇಟ್ಟ ಹೆಸರು 'ಯಾರದೂ ಅಲ್ಲದ ನೆಲ'. ಅಲ್ಲಿ ಸರ್ಕಾರವಿಲ್ಲ, ನ್ಯಾಯಾಲಯವಿಲ್ಲ, ಭೂಮಿಗೆ ಹಕ್ಕುಪತ್ರವಿಲ್ಲ. ನೆಲೆಸಿದ್ದ ಜನ 1887ರಲ್ಲಿ ತಾವೇ ಒಂದು 'ಸಿಮರಾನ್ ಪ್ರಾಂತ'ವನ್ನು ಘೋಷಿಸಿಕೊಂಡರೂ ವಾಷಿಂಗ್ಟನ್ ಅದನ್ನು ಮಾನ್ಯ ಮಾಡಲಿಲ್ಲ. 1890ರಲ್ಲಿ ಈ ಪಟ್ಟಿ ಒಕ್ಲಹೋಮ ಪ್ರಾಂತಕ್ಕೆ ಸೇರಿತು. 1907ರಲ್ಲಿ ಒಕ್ಲಹೋಮ ರಾಜ್ಯವಾದಾಗ ಪಟ್ಟಿ ಮೂರು ಕೌಂಟಿಗಳಾಗಿ, ಪಶ್ಚಿಮದ ಭಾಗ ಸಿಮರಾನ್ ಆಯಿತು. ಸಿಮರಾನ್ ಎಂಬುದು ನದಿಯ ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ 'ಪಳಗದ್ದು', ಅಂದರೆ ಯಾರ ಅಂಕೆಗೂ ಸಿಗದ್ದು ಎಂದು ಅರ್ಥ.

ಪಳಗದ ನೆಲಕ್ಕೆ ಜನರನ್ನು ಕರೆತಂದದ್ದು ಒಂದು ಸುಳ್ಳು. 1908ರಲ್ಲಿ ಭೂಮಿ ಮಾರುವ ಕಂಪನಿಯೊಂದು ಬಾಯ್ಸ್ ಸಿಟಿಯ ನಿವೇಶನಗಳನ್ನು ಜಾಹೀರಾತು ಮಾಡಿತು. ಒಳ್ಳೆಯ ರಸ್ತೆಗಳಿವೆ, ಸಾಲುಮರಗಳಿವೆ, ತಾನಾಗಿ ಉಕ್ಕುವ ಬಾವಿಯಿದೆ ಎಂದು ಕರಪತ್ರಗಳು ಸಾರಿದವು. ಹೆಸರು ಸಹ ಮರಗಳೆಂಬ ಅರ್ಥದ ಫ್ರೆಂಚ್ ಪದವನ್ನು ನೆನಪಿಸುವಂಥದು. ಹಣ ತೆತ್ತವರು ಬಂದು ನೋಡಿದರೆ ಒಂದು ಮರವೂ ಇಲ್ಲ! ಅಂಚೆಯ ಮೂಲಕ ವಂಚಿಸಿದ ಅಪರಾಧಕ್ಕಾಗಿ ಆ ಕಂಪನಿಯವರಿಗೆ ಶಿಕ್ಷೆಯಾಯಿತು. ಆದರೆ ಬಂದವರಲ್ಲಿ ಕೆಲವರು ಅಲ್ಲಿಯೇ ನಿಂತು ನಿಜವಾದ ಊರನ್ನು ಕಟ್ಟಿದರು.

ಇದಕ್ಕಿಂತ ದೊಡ್ಡದಾದ ಇನ್ನೊಂದು ಸುಳ್ಳಿತ್ತು. ಅದಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ, ಏಕೆಂದರೆ ಹೇಳಿದವರೂ ಅದನ್ನು ನಂಬಿದ್ದರು. ನೆಲವನ್ನು ಉತ್ತರೆ ಮಳೆ ತಾನಾಗಿ ಬರುತ್ತದೆಂಬ ನಂಬಿಕೆ 19ನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರ ಬಾಯಲ್ಲೂ ಇತ್ತು. ಮಣ್ಣು ಎಂದಿಗೂ ಸವೆಯದ ಸಂಪತ್ತೆಂದು ಸರ್ಕಾರದ ಮಣ್ಣಿನ ಇಲಾಖೆಯೇ 1909ರಲ್ಲಿ ಬರೆಯಿತು. ಮೊದಲ ಮಹಾಯುದ್ಧ ಬಂದಾಗ ಗೋಧಿಗೆ ಬುಷೆಲ್ ಒಂದಕ್ಕೆ ಎರಡು ಡಾಲರಿಗೂ ಮೇಲ್ಪಟ್ಟ ಬೆಲೆ ಸಿಕ್ಕಿತು. 1925ರಲ್ಲಿ ರೈಲು ಬಂದಿತು. ಟ್ರಾಕ್ಟರುಗಳು ಬಂದವು. ಕೆಲವು ವರ್ಷ ಮಳೆಯೂ ಚೆನ್ನಾಗಿ ಆಯಿತು. 1920ರಲ್ಲಿ 3,436 ಇದ್ದ ಜನಸಂಖ್ಯೆ 1930ಕ್ಕೆ 5,408 ಆಯಿತು. ಕೌಂಟಿಯ ಚರಿತ್ರೆಯಲ್ಲಿ ಜನಗಣತಿ ದಾಖಲಿಸಿದ ಅತಿ ಹೆಚ್ಚಿನ ಸಂಖ್ಯೆ ಅದು.

ಅನಂತರ ಗೋಧಿಯ ಬೆಲೆ ಕುಸಿದು 1931ರಲ್ಲಿ 40 ಸೆಂಟಿಗೂ ಕೆಳಗೆ ಇಳಿಯಿತು. ಸಾಲ ತೀರಿಸಬೇಕಾದ ರೈತ ಏನು ಮಾಡಿಯಾನು? ಇನ್ನಷ್ಟು ಹುಲ್ಲುನೆಲವನ್ನು ಉತ್ತ. ಅಷ್ಟರಲ್ಲಿ ಬರ ಬಂದಿತು. ಆ ಬಯಲಿನಲ್ಲಿ ಬರ ಹೊಸದಲ್ಲ, ಗಾಳಿಯೂ ಹೊಸದಲ್ಲ. ಸಾವಿರಾರು ವರ್ಷ ಎರಡನ್ನೂ ತಾಳಿಕೊಂಡು ಬಂದಿದ್ದುದು ಬಫಲೋ ಹುಲ್ಲು, ಗ್ರಾಮ ಹುಲ್ಲುಗಳೆಂಬ ಮೋಟು ಹುಲ್ಲಿನ ಹೊದಿಕೆ. ಅದರ ಒತ್ತಾದ ಬೇರುಗಳು ಮಣ್ಣನ್ನು ಬಲೆಯಂತೆ ಹಿಡಿದಿದ್ದವು. ಟ್ರಾಕ್ಟರು ಎಳೆದ ತಟ್ಟೆನೇಗಿಲು ಆ ಬಲೆಯನ್ನು ಕತ್ತರಿಸಿ, ಮಣ್ಣನ್ನು ಹಿಟ್ಟಿನಂತೆ ಪುಡಿ ಮಾಡಿತ್ತು. ಬೆಳೆ ಏಳಲಿಲ್ಲ, ಹುಲ್ಲು ಉಳಿದಿರಲಿಲ್ಲ. ಬರಿಯ ನೆಲ ಗಾಳಿಗೆ ಸಿಕ್ಕಿತು.

1935ರ ಏಪ್ರಿಲ್ 14, ಭಾನುವಾರ. ಬೆಳಗು ತಿಳಿಯಾಗಿತ್ತು. ಮಧ್ಯಾಹ್ನದ ಬಳಿಕ ಉತ್ತರದಿಂದ ಕರಿಯ ಬೆಟ್ಟದಂಥ ಧೂಳಿನ ಗೋಡೆ ಬಂದು ಹಗಲನ್ನು ಇರುಳು ಮಾಡಿತು. ಬಾಯ್ಸ್ ಸಿಟಿಯ ಸಮೀಪದಲ್ಲಿ ಅದಕ್ಕೆ ಸಿಕ್ಕಿಕೊಂಡ ಪತ್ರಕರ್ತ ರಾಬರ್ಟ್ ಗೈಗರ್ ಕಳುಹಿಸಿದ ವರದಿಯಿಂದಲೇ 'ಧೂಳಿನ ಬಟ್ಟಲು' ಎಂಬ ಹೆಸರು ಲೋಕಕ್ಕೆ ಬಂದಿತು. ಅದೇ ತಿಂಗಳ 27ರಂದು ಅಮೆರಿಕದಲ್ಲಿ ಮಣ್ಣಿನ ಸಂರಕ್ಷಣೆಯ ಕಾಯಿದೆಯಾಯಿತು. ಹ್ಯೂ ಬೆನೆಟ್ ಎಂಬ ಮಣ್ಣಿನ ತಜ್ಞರ ಮುಂದಾಳುತನದಲ್ಲಿ ಸಮಪಾತಳಿಯ ಉಳುಮೆ, ಪಟ್ಟೆಪಟ್ಟೆಯಾಗಿ ಬಿತ್ತನೆ, ಹುಲ್ಲಿನ ಮರುನಾಟಿಗಳು ಹಬ್ಬಿದವು. ಸರ್ಕಾರ ಕೊಂಡ ಹಾಳು ಹೊಲಗಳು ಇಂದು ರೀಟಾ ಬ್ಲಾಂಕಾ ಎಂಬ ರಾಷ್ಟ್ರೀಯ ಹುಲ್ಲುಗಾವಲಿನಲ್ಲಿ ಸೇರಿವೆ.

ನನ್ನ ಪಾಠದ ಇನ್ನೊಂದು ತಪ್ಪನ್ನೂ ತಿದ್ದಬೇಕು. "ಜನ ಊರು ಬಿಟ್ಟರು" ಎಂದಿದ್ದೆನಲ್ಲವೇ? 1940ರ ಗಣತಿಯಲ್ಲಿ ಸಿಮರಾನ್ ಕೌಂಟಿಯ ಜನ 3,654. ಅಂದರೆ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು, ನಿಜ. ಎರಡು ಪಾಲಿನಷ್ಟು ಜನ ಇನ್ನೂ ಅಲ್ಲಿದ್ದರು! ಆ ದಶಕದಲ್ಲಿ ಒಕ್ಲಹೋಮದಿಂದ ಕ್ಯಾಲಿಫೋರ್ನಿಯಕ್ಕೆ ವಲಸೆ ಹೋದವರಲ್ಲಿ ಹೆಚ್ಚಿನವರು ಪೂರ್ವಭಾಗದ ಹತ್ತಿಯ ಸೀಮೆಯ ಗೇಣಿದಾರರು. ಧೂಳಿನ ನಡುವೆ ಉಳಿದವರನ್ನು ನಾನು ನನ್ನ ಪಾಠದಲ್ಲಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಉಳಿದವರ ಪಾಡು ಅಷ್ಟಕ್ಕೇ ಮುಗಿಯಲಿಲ್ಲ. 1943ರ ಜುಲೈ 5ರ ರಾತ್ರಿ, ಅಭ್ಯಾಸದಲ್ಲಿದ್ದ ಅಮೆರಿಕದ್ದೇ ಯುದ್ಧವಿಮಾನವೊಂದು ನ್ಯಾಯಾಲಯದ ಸುತ್ತಲಿನ ದೀಪಗಳನ್ನು ತನ್ನ ಗುರಿಯೆಂದು ಭ್ರಮಿಸಿ, ಆರು ಅಭ್ಯಾಸದ ಬಾಂಬುಗಳನ್ನು ಊರ ಮೇಲೆ ಹಾಕಿತು. ಪುಣ್ಯಕ್ಕೆ ಯಾರಿಗೂ ಪ್ರಾಣಾಪಾಯವಾಗಲಿಲ್ಲ.

2020ರ ಗಣತಿಯಲ್ಲಿ ಕೌಂಟಿಯ ಜನಸಂಖ್ಯೆ 2,296. ಚದರ ಮೈಲಿಗೆ ಒಬ್ಬರಿಗಿಂತ ತುಸು ಹೆಚ್ಚು. ಅವರಲ್ಲಿ ಅರ್ಧದಷ್ಟು ಜನ ಬಾಯ್ಸ್ ಸಿಟಿಯವರು. ದನ ಸಾಕಣೆ, ಗೋಧಿ, ಜೋಳ ಅವರ ಬದುಕು. ಒಗಲಾಲ ಎಂಬ ವಿಶಾಲವಾದ ಅಂತರ್ಜಲದ ಭಂಡಾರದಿಂದ ನೀರೆತ್ತಿ ಹೊಲಗಳಿಗೆ ಹಾಯಿಸುತ್ತಾರೆ. ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರನ್ನು ಎತ್ತುತ್ತಿರುವುದರಿಂದ ಅದರ ಮಟ್ಟ ಇಳಿಯುತ್ತಿದೆ. ಕೊಳವೆಬಾವಿಗಳ ಸೀಮೆಯವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಓದಿದರೆ ಅವನಿಗೇ ಗೊತ್ತಾಗುತ್ತದೆ. ಅಂದು ನಿನ್ನನ್ನು ಸುಮ್ಮನೆ ಕೂರಿಸಿಬಿಟ್ಟೆ, ಮರಿ. ಹೊಲವನ್ನು ಹಾರಿಸಿದ್ದು ಬರಿಯ ಬರವಲ್ಲ, ಗಾಳಿಯ ಜೋರೂ ಅಲ್ಲ. ಮಣ್ಣನ್ನು ಹಿಡಿದಿದ್ದ ಬೇರನ್ನು ಮನುಷ್ಯರೇ ಕಿತ್ತಿದ್ದರು. ನಿಮ್ಮ ತಂದೆಯವರು ವರ್ಷವರ್ಷವೂ ಬದುವಿನ ಹುಲ್ಲನ್ನು ಕೀಳದೆ ಬಿಡುತ್ತಿದ್ದರೆಂದು ನೀನೇ ಒಮ್ಮೆ ಹೇಳಿದ್ದ ನೆನಪು. ಉತ್ತರದ ಒಂದು ಭಾಗ ನಿನ್ನ ಮನೆಯಲ್ಲಿಯೇ ಇತ್ತು.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು